ಮುಯ್ಯಾಳು ಗದ್ದೆಯ ಜ್ವರ

ವಿಮಲರತ್ನ ಮಹತ್ತಯಾ (ಸಿಂಹಳದಲ್ಲಿ ಮಹತ್ತಯಾ ಅಂದರೆ ಸಾಹೇಬರು) ನಮ್ಮ ಕಡೆಯ ಆರೋಗ್ಯ ಇನ್ಸ್‌ಪೆಕ್ಟರ್. ಆಫೀಸಿನ ಜೀಪು ಓಡಿಸುವವನು ನಾನು. ಯಾವ ಬಾವಿಯ ನೀರು ಕುಡಿಯಬಹುದು, ಯಾವ ಹೋಟೆಲಿನ ರೊಟ್ಟಿ ಮುಟ್ಟಬಾರದು ಎಂದು ಯಾರ ಮುಲಾಜೂ ಇಲ್ಲದೆ ಹೇಳುವ ಮನುಷ್ಯ ಮಹತ್ತಯಾ. ಹೆಂಡತಿಯ ತಮ್ಮ ಪಿಯತಿಸ್ಸನೆದುರು ಮಾತ್ರ ಬಾಲ ಮುದುರಿಕೊಳ್ಳುತ್ತಿದ್ದರು. ಅವರ ಮನೆಗೆ ಜಾಗ ಕೊಟ್ಟವನೇ ಅವನು, ಅದನ್ನು ಮರೆಯಲು ಬಿಡುವ ಆಸಾಮಿಯೂ ಅಲ್ಲ.

ಆ ಸಲ ಬಿತ್ತನೆಯ ಹೊತ್ತಿಗೆ, ಇಲಿಯ ಉಚ್ಚೆ ಬೆರೆತ ಗದ್ದೆ ನೀರಿನಿಂದ ಹತ್ತುವ ಇಲಿಜ್ವರ ಎದ್ದಿತು. ಆಸ್ಪತ್ರೆಯಿಂದ ವಾರವಾರ ಬರುವ ರೋಗಿಗಳ ಲೆಕ್ಕದಲ್ಲಿ ಎಲ್ಲರ ವಿಳಾಸವೂ ಇಹಲಗಮ ಎಂಬ ಒಂದೇ ಊರು. ಒಬ್ಬ ಸತ್ತೂ ಹೋದ, ಹೊಸದಾಗಿ ಮದುವೆಯಾಗಿದ್ದವನು. ಜ್ವರ ತಡೆಯುವ ಮಾತ್ರೆ ನಮ್ಮಲ್ಲಿದ್ದದ್ದು ಒಂದೇ ಊರಿಗೆ ಸಾಲುವಷ್ಟು. ಲೆಕ್ಕ ನೋಡಿ ಪೆಟ್ಟಿಗೆಗಳನ್ನು ಇಹಲಗಮಕ್ಕೆಂದು ಜೀಪಿಗೇರಿಸಿದ್ದೂ ಆಯಿತು.

ಗೋಡೆಯ ನಕ್ಷೆಯ ಮುಂದೆ ನಿಂತಿದ್ದ ನಮ್ಮ ಆರೋಗ್ಯಾಧಿಕಾರಿ, ಡಾಕ್ಟರ್ ಇಲಂಗಸಿಂಘೆ, ತಿರುಗಿ ನೋಡಿದರು.

"ಒಂದ್ನಿಮಿಷ. ಇವರೆಲ್ಲ ಮಲಗೋದು ಇಹಲಗಮದಲ್ಲಿ, ಸರಿ. ಕೆಸರು ತುಳಿದದ್ದೆಲ್ಲಿ?"

ಮಹತ್ತಯಾರ ಮುಖ ಬಿಳಿಚಿಕೊಂಡಿತು. ನಮ್ಮಲ್ಲಿ ಬಿತ್ತನೆ ಮುಯ್ಯಾಳಿನ ಮೇಲೆ ನಡೆಯುವುದು. ಕೂಲಿ ಇಲ್ಲ, ಊಟ ಮಾತ್ರ. ಇವತ್ತು ಒಂದೂರಿನವರು ಬಂದು ಗದ್ದೆಗಿಳಿದರೆ ಮುಂದೆ ಇನ್ನೊಂದೂರಿನವರು. ಇಹಲಗಮದವರು ಜ್ವರ ಬರುವ ಮುಂಚೆ ಇಳಿದದ್ದು ಪಿಯತಿಸ್ಸನ ಗದ್ದೆಗೆ. ಮಹತ್ತಯಾ ಅಲ್ಲೇ ಅವರ ಪಂಕ್ತಿಯಲ್ಲಿ ಕೂತು ಉಂಡು ಬಂದಿದ್ದರು. ಈ ಮಾತು ನಡೆದ ಮಾರನೆಯ ದಿನ ಅದೇ ಗದ್ದೆಯ ಉಳಿದ ಕೆಲಸಕ್ಕೆ ಕೊಸ್ವತ್ತೆ ಊರಿನವರ ಸರದಿ. ಮಾತ್ರೆ ಹೊರಟದ್ದು ಕೆಲಸ ಮುಗಿಸಿದವರ ಊರಿಗೆ, ನೀರಿಗಿಳಿಯುವವರಿಗೆ ಏನೂ ಇರಲಿಲ್ಲ.

ಮಹತ್ತಯಾ ಲೆಕ್ಕದ ಹಾಳೆ ತಿರುವಿಹಾಕತೊಡಗಿದರು. ನನಗೆ ಸಿಟ್ಟು ನೆತ್ತಿಗೇರಿತು. ಬೊಗಳಪ್ಪಾ, ಬೊಗಳು ಎಂದು ಮನಸ್ಸಿನಲ್ಲೇ ಬೈದೆ.

"ನನ್ನ ಭಾಮೈದನ ಗದ್ದೇಲಿ, ಡಾಕ್ಟರಮ್ಮ," ಅಂದರು ಕೊನೆಗೆ. "ಮನೆಮನೆಗೆ ಹೋಗಿ ವಿಚಾರಿಸಿದೋನು ನಾನೇ. ವಿಳಾಸ ಕೇಳ್ದೆ, ಗದ್ದೆ ಕೇಳ್ಲಿಲ್ಲ."

"ಹಾಗಾದ್ರೆ ಮಾತ್ರೆ ಕೊಸ್ವತ್ತೆಯವರಿಗೆ. ನುಂಗದೆ ಒಬ್ಬರೂ ನೀರಿಗಿಳಿಯಬಾರದು. ನಿಮ್ಮ ಕೈಲಾಗುತ್ತಾ, ಬೇರೆಯವರನ್ನ ಕಳಿಸ್ಲಾ?"

"ಆಗುತ್ತೆ," ಅಂದರು. ನನಗೆ ನಂಬಿಕೆ ಬರಲಿಲ್ಲ.

ಬೆಳಿಗ್ಗೆ ನಾವು ಹೋದಾಗ ಕೊಸ್ವತ್ತೆಯವರು ಬದುವಿನ ಮೇಲೆ ಸಾಲಾಗಿ ಕೂತಿದ್ದರು. ಇಳಿಯುವ ಮುಂಚಿನ ಊಟಕ್ಕೆ ತೆಂಗಿನ ಹಾಲಿನಲ್ಲಿ ಬೇಯಿಸುವ ಅನ್ನ, ಕಿರಿಬತ್, ಬೆಂದಿತ್ತು. ತಮ್ಮನ ಮನೆಯ ಕೆಲಸವೆಂದು ಮಹತ್ತಯಾರ ಹೆಂಡತಿ ಸೋಮಲತಾ ನಸುಕಿಗೇ ಬಂದು ಒಲೆ ಹಿಡಿದಿದ್ದಳು.

"ಏನ್ ಭಾವ, ಉಣ್ಣೋಕೆ ಕರೆದ್ರೆ ಔಷಧಿ ಅಂಗಡೀನೇ ಹೊತ್ಕೊಂಡು ಬಂದ್ರಾ?" ಎಂದ ಪಿಯತಿಸ್ಸ.

"ನಿನ್ನ ಗದ್ದೆ ನೀರಲ್ಲಿ ಇಲಿಜ್ವರ ಇದೆ ಕಣೋ. ಎಲ್ಲರೂ ಉಂಡು ಮಾತ್ರೆ ನುಂಗಲಿ, ಆಮೇಲೆ ಇಳೀಲಿ."

ಪಿಯತಿಸ್ಸನ ನಗು ಆರಿತು. "ನಾಲ್ಕು ಜನರ ಮುಂದೆ ನನ್ನ ಗದ್ದೆಗೆ ರೋಗ ಅಂತೀರಾ? ಇನ್ಮುಂದೆ ಯಾವನು ಬರ್ತಾನೆ ಇಲ್ಲಿಗೆ? ನೀವು ಮಲಗೋ ನೆಲ ಯಾರು ಕೊಟ್ಟದ್ದು?" ಬಂದವರ ಕಡೆ ತಿರುಗಿದ. "ಮಾತ್ರೆ ಬೇಕಾದೋರು ಹಾಗೇ ಮನೆಗೆ ನಡೀರಿ."

ಯಾರೂ ಮಾತ್ರೆಗೆ ಕೈಚಾಚಲಿಲ್ಲ. ಉಣ್ಣಿಸುವವನ ಮಾತು ಮೀರುವುದು ಹೇಗೆ? ಒಬ್ಬಿಬ್ಬರು ಆಗಲೇ ಲುಂಗಿ ಮೇಲೆ ಕಟ್ಟತೊಡಗಿದರು.

ಸೋಮಲತಾ ಒಲೆಯ ಬಳಿಯಿಂದ ಎದ್ದು ಬಂದು ಗಂಡನ ಕೈಯಿಂದ ಪೆಟ್ಟಿಗೆ ಕಿತ್ತುಕೊಂಡಳು. ಬಾಳೆಲೆಗಳ ಮೇಲೆ ಕಿರಿಬತ್ ಬಡಿಸುತ್ತ, ಪಕ್ಕಕ್ಕೆ ಮಾತ್ರೆಯನ್ನೂ ಇಡುತ್ತ ಹೋದಳು. ಮುಯ್ಯಿಗೆ ಬಂದವರು ಬಡಿಸಿದ್ದನ್ನು ಎಲೆಯಲ್ಲಿ ಬಿಟ್ಟೇಳುವಂತಿಲ್ಲ.

ಕೊಸ್ವತ್ತೆಯ ಮುದಿಯನ್ಸೆ ಅಜ್ಜ ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿದ. "ಉಪ್ಪು ಸಾಲ್ದು ತಂಗಿ," ಅಂದ. ನಗು ಎದ್ದಿತು. ಉಳಿದವರೂ ಒಬ್ಬರ ಹಿಂದೊಬ್ಬರು ನುಂಗಿದರು.

ಕೊನೆಯ ಎಲೆ ಪಿಯತಿಸ್ಸನದು. ಅವನು ತನ್ನ ಮಾತ್ರೆಯನ್ನು ಕೆಸರಿಗೆಸೆದು ಎಲ್ಲರಿಗಿಂತ ಮೊದಲು ಇಳಿದ.

ಕೊಸ್ವತ್ತೆಯಿಂದ ಒಬ್ಬರೂ ಆಸ್ಪತ್ರೆಗೆ ಬರಲಿಲ್ಲ. ಮುಂದಿನ ಲೆಕ್ಕದಲ್ಲಿ ಬಂದದ್ದು ಒಂದೇ ಹೆಸರು. ಮಹತ್ತಯಾ ಅದನ್ನು ಓದಿ ಜೀಪು ತೆಗೆಯಲು ಹೇಳಿದರು.

ವಾರ್ಡಿನಲ್ಲಿ ಪಿಯತಿಸ್ಸನ ಕಣ್ಣು ಕೆಂಪಗಿತ್ತು, ಮೈ ಹಳದಿಯಾಗಿತ್ತು. ನಿಂತಿದ್ದ ಮೂತ್ರ ಮತ್ತೆ ಬರಲು ಶುರುವಾಗಿದೆ, ಉಳಿಯಬಹುದು ಎಂದಳು ನರ್ಸು. ಪ್ರತಿ ರೋಗಿಯನ್ನೂ ಕಂಡು ವಿಚಾರಿಸುವುದು ಮಹತ್ತಯಾರ ಕೆಲಸ. ಕಾಗದ ತೆಗೆದರು. ವಿಳಾಸದ ಕೆಳಗೆ ಈಗ ಅವರೇ ಗದ್ದೆಯ ಹೆಸರಿಗೆಂದು ಪೆನ್ನಿನಿಂದ ಒಂದು ಗೆರೆ ಎಳೆದುಕೊಂಡಿದ್ದರು.

"ಯಾವ ಗದ್ದೆಗೆ ಇಳಿದಿದ್ದೆ?" ಎಂದರು.

ಪಿಯತಿಸ್ಸ ಗೋಡೆಯ ಕಡೆ ಹೊರಳಿದ.

"ನಂದೇ. ಬರ್ಕೊಳ್ಳಿ ಭಾವ."