ಬಸವನ ಬಾಯಿಯ ನೀರು

ಹೊಸನಗರದಿಂದಾಚೆ ನಮ್ಮದೊಂದು ಹಳೆಯ ಪೇಟೆ. ಅರಸರ ಕಾಲದಲ್ಲಿ ಊರಿಗೆಲ್ಲ ನೀರಾಗಲಿ ಎಂದು ಕೂರಿಸಿದ ಕಲ್ಲಿನ ಬಸವ ಬೀದಿಯ ಕೊನೆಯಲ್ಲಿದ್ದಾನೆ. ಅವನ ಬೆನ್ನ ಹಿಂದೆ ಗುಡ್ಡದ ಬುಡದಲ್ಲಿ ಚಿಕ್ಕ ಕೊಳ, ಅಲ್ಲಿಂದ ಕಲ್ಲಿನ ಕಾಲುವೆ, ಆಮೇಲೆ ಬಸವನ ಬಾಯಿ. ಹಗಲು ರಾತ್ರಿ ಎನ್ನದೆ ಬೀಳುತ್ತಿದ್ದ ಆ ನೀರನ್ನು ನಿಲ್ಲಿಸಿದವಳು ನಾನು.

ನಮ್ಮಲ್ಲಿ ಮದುವೆಯಾಗಿ ಬಂದ ಹೆಣ್ಣು ಹೊಸ್ತಿಲು ದಾಟುವ ಮೊದಲು ಬಸವನಿಗೆ ಎಲೆ ಅಡಿಕೆ ಇಟ್ಟು ಒಂದು ಬೊಗಸೆ ನೀರು ಕುಡಿಯಬೇಕು. ಸಾಯುವಾಗ ಬಾಯಿಗೆ ಬಿಡುವುದೂ ಅದೇ ನೀರು. ನನ್ನ ಅತ್ತೆಯಂತೂ ಇವೆರಡರ ನಡುವೆಯೂ ಬೇರೆ ನೀರು ಮುಟ್ಟಿದವರಲ್ಲ. ನೆಂಟರ ಮನೆಗೆ ಹೊರಟರೂ ಚೀಲದಲ್ಲಿ ಆ ನೀರಿನ ಬಾಟಲಿ ಇರಬೇಕು. ನನಗದು ಅತಿ ಎನಿಸುತ್ತಿತ್ತು, ಮುಖಕ್ಕೇ ಹೇಳಿಯೂ ಇದ್ದೆ.

ಕೆಲವು ವರ್ಷಗಳ ಹಿಂದೆ ಮಹಿಳಾ ಸಂಘದಿಂದ ಕೊಳದ ಹೂಳು ತೆಗೆಸಿದೆವು. ಸಂಘಕ್ಕೆ ನಾನೇ ಅಧ್ಯಕ್ಷೆ. ಕೆಲಸ ಹಚ್ಚಿಕೊಂಡರೆ ಯಾರ ಮಾತೂ ಕಿವಿಗೆ ಬೀಳದ ಸ್ವಭಾವ ನನ್ನದು. ಹೂಳು ಹೋದಾಗ ಗೋಡೆ ಕಾಣಿಸಿತು. ಗಾರೆಯಿಲ್ಲದೆ ಜೋಡಿಸಿದ ಕೆಂಪು ಜಂಬಿಟ್ಟಿಗೆ ಕಲ್ಲುಗಳು, ನಡುವೆ ಬೆರಳು ತೂರುವಷ್ಟು ಸಂದು. ನೀರೆಲ್ಲ ಇಲ್ಲಿಂದಲೇ ಸೋರಿ ಪೋಲಾಗುತ್ತಿದೆ ಎಂದುಕೊಂಡೆ. ಸಾಗರದಿಂದ ಸಿಮೆಂಟ್ ತರಿಸಿದೆ.

ಅತ್ತೆ ಕೋಲೂರಿಕೊಂಡು ಕೊಳದವರೆಗೂ ಬಂದರು.

“ಎಂತ ಮಾಡ್ತಿದೀಯ ಮಾರಾಯ್ತಿ? ಆ ಸಂದಿ ಮುಚ್ಚಬ್ಯಾಡ. ಹಿಂದಿನೋರಿಗೆ ಗಾರೆ ಕಲಸೋಕೆ ಬರ್ತಿರ್ಲಿಲ್ವಾ?”

“ನೀವು ಸುಮ್ನೆ ಮನೆಗೆ ಹೋಗಿ ಅತ್ತೆ,” ಎಂದೆ, ಹತ್ತು ಜನರೆದುರು.

ಆ ಮಳೆಗಾಲ ಕೊಳ ತುಂಬಿತು. ಎಲ್ಲರೂ ಹೊಗಳಿದರು, ನಾನೂ ಬೀಗಿದೆ. ಬೇಸಿಗೆ ಕಾಲಿಡುವ ಮೊದಲೇ ಬಸವನ ಬಾಯಿ ಒಣಗಿತು. ಗುಡ್ಡದ ಒರತೆ ಕೊಳಕ್ಕೆ ಬರುತ್ತಿದ್ದದ್ದೇ ಆ ಸಂದುಗಳಿಂದ. ಹೋಗುವ ದಾರಿ ಎಂದುಕೊಂಡು ಬರುವ ದಾರಿಯನ್ನು ಮುಚ್ಚಿಸಿದ್ದೆ. ಸಿಮೆಂಟ್ ಒಡೆಸಿದೆವು. ಅಷ್ಟರಲ್ಲಿ ನೀರು ಬೇರೆ ಕಡೆ ಹರಿದುಹೋಗಿತ್ತು, ಮತ್ತೆ ಬರಲಿಲ್ಲ.

ಆ ಹೊತ್ತಿಗೆ ಅತ್ತೆ ಹಾಸಿಗೆ ಹಿಡಿದಿದ್ದರು. ಅವರಿಗೆ ಹೇಳುವ ಧೈರ್ಯ ನನಗಾಗಲಿಲ್ಲ, ಮನೆಯವರಿಗೂ ಬಾಯಿ ಬಿಡಬೇಡಿ ಎಂದೆ. ದಿನಾ ಬೆಳಿಗ್ಗೆ ತಾಮ್ರದ ತಂಬಿಗೆ ಹಿಡಿದು ಅವರ ಕಣ್ಣೆದುರೇ ಬೀದಿ ಬಾಗಿಲಿನಿಂದ ಹೊರಡುತ್ತಿದ್ದೆ. ಮನೆ ಸುತ್ತಿ ಹಿತ್ತಲಿಗೆ ಬಂದು ನಲ್ಲಿಯಲ್ಲಿ ತುಂಬಿಸಿ, ಬಸವನವರೆಗೆ ಹೋಗಿ ಬರುವಷ್ಟು ಹೊತ್ತು ಅಲ್ಲೇ ಕಳೆದು ಒಳಗೆ ತರುತ್ತಿದ್ದೆ. ಅವರು ಕುಡಿದು ತಂಬಿಗೆ ಕೆಳಗಿಡುತ್ತಿದ್ದರು. ನನಗೆ ನನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಆದರೂ ವರ್ಷವಿಡೀ ಇದನ್ನೇ ಮಾಡಿದೆ.

ಒಂದು ಮಧ್ಯಾಹ್ನ ಅವರ ಉಸಿರು ಏರುಪೇರಾಯಿತು. ಬಾಯಿಗೆ ನೀರು ಬಿಡುವ ಹೊತ್ತಾಯಿತೆಂದು ನನ್ನ ಗಂಡ ಕಣ್ಣಲ್ಲೇ ತಿಳಿಸಿದರು. ನಾನು ತಂಬಿಗೆ ಹಿಡಿದು ಎಂದಿನಂತೆ ಬೀದಿ ಬಾಗಿಲ ಕಡೆ ಹೊರಟೆ. ಅತ್ತೆ ಕೈಯೆತ್ತಿ ತಡೆದರು.

“ಸುತ್ತು ಹಾಕಿ ಎಂತಕ್ಕೆ ಹೋಗ್ತೀಯ? ಹಿಂದಿನ ಬಾಗಿಲಿಂದಲೇ ಹೋಗಿ ಹಿಡ್ಕಂಡು ಬಾ. ಇಷ್ಟು ದಿನ ಕುಡ್ದಿದ್ದು ಅದೇ ಅಲ್ವಾ?”

ಹಿಂದಿನ ಬಾಗಿಲಿಂದಲೇ ಹೋಗಿ ನಲ್ಲಿಯಲ್ಲಿ ತಂಬಿಗೆ ತುಂಬಿಸಿದೆ. ಒಳಗೆ ಬಂದು, “ತಪ್ಪಾಯ್ತು ಅತ್ತೆ,” ಎಂದೆ. ಅವರು ಬಾಯಿ ತೆರೆದರು.