ಹೆಸರು ತೆಗೆಯಬಾರದ ಹುಳ

ನಾನು ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಅಂತ ನಮ್ಮವ್ವ ಹೇಳುತ್ತಾಳೆ. ಸುಳ್ಳಲ್ಲ. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೇನೆ. ಹಾನಗಲ್, ಅಕ್ಕಿಆಲೂರು, ಹಿರೇಕೆರೂರು, ಒಮ್ಮೊಮ್ಮೆ ಶಿಗ್ಗಾವಿ, ಸವಣೂರು, ಹೀಗೆ ದಿನವಿಡೀ ನಿಂತೇ ತಿರುಗುತ್ತೇನೆ. ಸೀಟು ಖಾಲಿ ಇದ್ದರೂ ನನಗೆ ಕೂರಲಾಗದು. ಮನೆಯಲ್ಲಿಯೂ ಅಷ್ಟೇ, ಊಟದ ತಾಟು ಕೈಯಲ್ಲಿ ಹಿಡಿದು ಅಡುಗೆಮನೆಗೂ ಬಾಗಿಲಿಗೂ ಅಡ್ಡಾಡುತ್ತ ಉಣ್ಣುತ್ತೇನೆ. ರಜೆ ಬಂತೆಂದರೆ ಮೈಯೊಳಗೆ ಇರುವೆ ಬಿಟ್ಟ ಹಾಗಾಗುತ್ತದೆ.

ಕಾಡಿನಲ್ಲಿ ಸಿಕ್ಕಿಬಿದ್ದರೆ ಬದುಕಿ ಬರುವುದು ಹೇಗೆ ಅಂತ ಕಲಿಸುವ ಶಿಬಿರಕ್ಕೆ ಸೇರಿದ್ದೂ ಇದೇ ಕಾರಣಕ್ಕೆ. ಮೊದಲ ಹಂತ ಮುಗಿಸಿದ್ದೆ. ಅದು ಬರೀ ನಡೆಯುವುದು, ಹತ್ತುವುದು, ಗಂಟು ಹಾಕುವುದು. ನನಗೆ ಹೇಳಿ ಮಾಡಿಸಿದ ಕೆಲಸ. ಮುಂದಿನ ಹಂತ ದುಂಡಸಿಯ ಆಚೆಯ ಕಾಡಿನಲ್ಲಿ ಅಂದಾಗ ರಜೆ ಹಾಕಿ ಹೊರಟೇಬಿಟ್ಟೆ.

"ಮಂದಿ ಕಾಡು ಬಿಟ್ಟು ಊರಿಗೆ ಬಂದ್ರು. ನೀ ಊರು ಬಿಟ್ಟು ಕಾಡಿಗೆ ಹೊಂಟೀದಿ" ಅಂದಳು ಅವ್ವ.

"ಹೋಗಿ ಬರ್ತೇನಿ" ಅಂದೆ. 'ಹೋಗ್ತೇನಿ' ಅಂತ ಬರೀ ಅರ್ಧ ಮಾತಾಡಿದರೆ ನಮ್ಮವ್ವ ಹೊಸ್ತಿಲು ದಾಟಲು ಬಿಡುವವಳಲ್ಲ.

ಆದರೆ ಎರಡನೆಯ ಹಂತ ನನ್ನ ಎಣಿಕೆಗೆ ಪೂರ್ತಿ ಉಲ್ಟಾ. ಎಲ್ಲವೂ ಕೂತು ಮಾಡುವ ಕೆಲಸವೇ. ಗಿಡದ ತೊಗಟೆ ಬಿಡಿಸಿ, ನಾರು ತೆಗೆದು, ಹೊಸೆದು ಹಗ್ಗ ಮಾಡಬೇಕು. ಕಡ್ಡಿಪೆಟ್ಟಿಗೆ ಇಲ್ಲದೆ ಬೆಂಕಿ ಮಾಡಬೇಕು: ಸಣ್ಣ ಬಿಲ್ಲಿನ ದಾರಕ್ಕೆ ಕಡ್ಡಿಯೊಂದನ್ನು ಸುತ್ತಿ, ಒಣಹಲಗೆಯ ಮೇಲೆ ಒತ್ತಿ ಹಿಡಿದು, ಕಡೆಗೋಲಿನಂತೆ ತಿರುಗಿಸುತ್ತಲೇ ಇರಬೇಕು. ಹೊಗೆ ಬಂತು ಅಂತ ನಿಲ್ಲಿಸಿ ಬಗ್ಗಿ ನೋಡಿದರೆ ಮುಗಿಯಿತು, ಮತ್ತೆ ಮೊದಲಿನಿಂದ. ನಾನು ಪ್ರತಿ ಸಲವೂ ಬಗ್ಗಿ ನೋಡಿದೆ. ಕಲಿಸುವ ಸರ್ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು, ಒಳ್ಳೆಯವರು, ಸಿಟ್ಟೇ ಬಾರದ ಮನುಷ್ಯ. ನಗುತ್ತ "ತಾಳಿದವನು ಬಾಳಿಯಾನು ಮೇಡಂ" ಅನ್ನುತ್ತಿದ್ದರು. ನನಗೆ ಆ ಬಿಲ್ಲನ್ನು ಮುರಿದು ಅವರ ಕೈಗೆ ಕೊಡಬೇಕು ಅನ್ನಿಸುತ್ತಿತ್ತು.

ನನ್ನ ಜೋಡಿಗೆ ಸಿಕ್ಕವಳು ಸವಣೂರಿನವಳು. ವೀಳ್ಯದೆಲೆ ವ್ಯಾಪಾರದ ಮನೆತನ, ತಾನು ಮಾತ್ರ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಶಾಲೆಯ ಮಕ್ಕಳನ್ನು ಕಾಡಿಗೆ ಕರೆದುಕೊಂಡು ಹೋಗುವ ಆಸೆಯಿಂದ ಬಂದಿದ್ದಳು. ನಾನು ಅವಳನ್ನು ಆಪಾ ಅಂದೆ, ಅವಳು ನನ್ನನ್ನು ಅಕ್ಕಾ ಅಂದಳು. ಇಬ್ಬರಲ್ಲಿ ದೊಡ್ಡವರು ಯಾರು ಎಂಬ ಜಗಳ ಇನ್ನೂ ಮುಗಿದಿಲ್ಲ.

ಅವತ್ತು ನಮ್ಮಿಬ್ಬರನ್ನೇ ಒಂದು ದಿಬ್ಬದ ಮೇಲೆ ಬಿಟ್ಟರು. ಕೈಯಲ್ಲಿ ಒಂದು ವಾಕಿಟಾಕಿ. ಬೆಂಕಿ ಹೊತ್ತಿಸಿದ ಮೇಲೆ ತಿಳಿಸಬೇಕು, ಅಷ್ಟೇ. ಊಟದ ಹೊತ್ತಾಗಿತ್ತು. ನಾನು ಬಿಲ್ಲು ತಿರುಗಿಸುತ್ತ ಬೈಯುತ್ತಿದ್ದೆ. ಅವಳು ಕೆಂಡ ಹಿಡಿಯಲು ಒಣನಾರು ಬೇಕೆಂದು ಬಿದ್ದ ಮರದ ಕೆಳಗೆ ಕೈ ಹಾಕಿದಳು.

"ಅಕ್ಕಾ" ಅಂದಳು. ದನಿ ಏರಲಿಲ್ಲ. "ಹುಳ ಮುಟ್ತು."

ನಮ್ಮ ಕಡೆ ಇದಕ್ಕೆ ಬೇರೆ ಅರ್ಥ ಕೇಳುವವರಿಲ್ಲ. ಹೊಲಕ್ಕೆ ಹೋಗುವವರು, ಕಟ್ಟಿಗೆಗೆ ಹೋಗುವವರು ಯಾರೂ ಹಾವಿನ ಹೆಸರು ತೆಗೆಯುವುದಿಲ್ಲ. ಹೆಸರು ತೆಗೆದರೆ ಕರೆದ ಹಾಗೆ. ಹಾವು ಅಂದರೆ ಹುಳ, ಕಚ್ಚುವುದು ಅಂದರೆ ಮುಟ್ಟುವುದು. ಸವಣೂರಿನಲ್ಲಿಯೂ ಹಾಗೇ, ಹಿರೇಕೆರೂರಿನ ನಮ್ಮವ್ವನ ತವರಿನಲ್ಲಿಯೂ ಹಾಗೇ. ತರಗೆಲೆಯೊಳಗೆ ದಪ್ಪಗೆ, ಕಂದು ಬಣ್ಣದ್ದು, ಬೆನ್ನ ಮೇಲೆ ಸರಪಳಿಯಂಥ ಗುರುತಿನದು ಸರಿದು ಹೋಯಿತು. ಅವಳ ಹೆಬ್ಬೆರಳಿನ ಬುಡದಲ್ಲಿ ರಕ್ತ ಜಿನುಗುತ್ತಿತ್ತು.

ಕಲಿತದ್ದು ಕೈಗೆ ಬಂತು. ಅವಳನ್ನು ಮಲಗಿಸಿದೆ. ಕೈ ಬಾಯುವ ಮೊದಲೇ ಬಳೆ, ಉಂಗುರ ತೆಗೆದೆ. ಕೊಯ್ಯಲಿಲ್ಲ, ಬಿಗಿದು ಕಟ್ಟಲಿಲ್ಲ. ಕೈ ಅಲುಗದಂತೆ ಕೋಲಿಟ್ಟು ನನ್ನ ಓಢಣಿಯಿಂದ ಸಡಿಲಾಗಿ ಸುತ್ತಿದೆ. ರೋಗಿಗೆ ಗಾಬರಿ ಹುಟ್ಟಿಸಬೇಡಿ, ಎದೆಬಡಿತ ಏರಿದಷ್ಟೂ ವಿಷ ಬೇಗ ಹರಡುತ್ತದೆ ಅಂತ ಸರ್ ಹೇಳಿದ್ದು ಕಿವಿಯಲ್ಲೇ ಇತ್ತು. ಅವಳು ನಗುವ ಪ್ರಯತ್ನ ಮಾಡುತ್ತಿದ್ದಳು.

ವಾಕಿಟಾಕಿ ಒತ್ತಿದೆ. "ಸರ್, ಆಪಾಗ ಹುಳ ಮುಟ್ಟೈತ್ರಿ. ಲಗೂನ ಬರ್ರಿ."

"ಹುಳಾನಾ? ಪರವಾಗಿಲ್ಲ ಮೇಡಂ. ಸೋಪು ಹಾಕಿ ತೊಳೆದು ಮುಲಾಮು ಹಚ್ಚಿ. ಬೆಂಕಿ ಆಯ್ತಾ?"

"ಬೆಂಕಿ ಹಾಳಾಗ್ಲಿ. ಹುಳ ಮುಟ್ಟೈತಿ ಅನ್ನಾಕತ್ತೇನಿ."

"ಕಂಬಳಿಹುಳಾನಾ? ತುರಿಸಿಕೊಳ್ಳೋದು ಬೇಡ ಅಂತ ಹೇಳಿ."

ಸಿಟ್ಟು ನೆತ್ತಿಗೇರಿತು. ಒಂದೇ ನಾಡಿನವರು, ಒಂದೇ ಭಾಷೆ, ಆ ಮನುಷ್ಯನಿಗೆ ಮುಲಾಮಿನ ಚಿಂತೆ. ಇನ್ನು ಹೆಸರು ತೆಗೆಯದೆ ಗತಿಯಿಲ್ಲ ಅನ್ನಿಸಿತು. ಅವಳ ಕಿವಿಗೆ ಬೀಳದಿರಲಿ ಎಂದು ದಿಬ್ಬ ಇಳಿದೆ. ಕೆಳಗೆ ಹೋದರೆ ವಾಕಿಟಾಕಿ ಬರೀ ಗೊರಗೊರ ಅನ್ನುತ್ತಿತ್ತು. ಮೇಲೆ ಬಂದೆ. ಮತ್ತೊಂದು ಕಡೆ ಇಳಿದೆ. ಅಲ್ಲೂ ಅದೇ. ಸಿಗ್ನಲ್ ಇದ್ದದ್ದು ಅವಳು ಮಲಗಿದ್ದ ಜಾಗದಲ್ಲಿ ಮಾತ್ರ.

ಅವಳಿಗೆ ನನ್ನ ಒದ್ದಾಟ ಗೊತ್ತಾಗಿತ್ತು. "ಅಕ್ಕಾ, ಹೆಸರು ತಗೀಬ್ಯಾಡ" ಅಂದಳು.

ವಿಜ್ಞಾನ ಕಲಿಸುವವಳು. ವಿಷ ಎಂದರೇನು, ರಕ್ತ ಎಂದರೇನು ಎಲ್ಲ ನನಗಿಂತ ಚೆನ್ನಾಗಿ ಬಲ್ಲವಳು. ಆದರೂ ಬೇಡವೆಂದಳು. ನನಗೂ ಬೇಡವಾಗಿತ್ತು. ಅವಳಿಗೆ ಬೆನ್ನು ಮಾಡಿ ನಿಂತು ಹೇಳಿದೆ.

"ಸರ್, ಹಾವು ಕಡದೈತ್ರಿ. ಕೊಳಕುಮಂಡಲ. ಹಾವು."

"ಗಾಡಿ ಹೊರಟಿತು. ಅವರನ್ನು ಅಲುಗಾಡಿಸಬೇಡಿ" ಎಂದರು ಸರ್. ಅವರ ದನಿ ಬೇರೆಯೇ ಆಗಿತ್ತು.

ತಿರುಗಿ ನೋಡಿದರೆ ಆಪಾಳ ಮುಖ ಬಿಳಿಚಿಕೊಂಡಿತ್ತು. ಅಲ್ಲಿಯವರೆಗೆ ನಗುತ್ತಿದ್ದವಳು ಈಗ ಗಡಗಡ ನಡುಗುತ್ತಿದ್ದಳು. ಹುಳ ಮುಟ್ಟಿದ್ದನ್ನು ತಡೆದುಕೊಂಡಿದ್ದಳು, ಹಾವು ಕಡಿದದ್ದನ್ನು ತಡೆಯಲಾಗಲಿಲ್ಲ. ನಾನೇ ಕೈಯಾರೆ ಇವಳ ಎದೆಬಡಿತ ಏರಿಸಿದೆನಲ್ಲ. ದಾರಿ ಕಾಣುತ್ತದೆಯೇ ಎಂದು ದಿಬ್ಬದ ಅಂಚಿಗೆ ಓಡಿದೆ, ಅವಳ ಹತ್ತಿರ ಬಂದೆ, ಮತ್ತೆ ಅಂಚಿಗೆ ಓಡಿದೆ. ಗಾಡಿಯ ಸದ್ದಿಲ್ಲ. ನಾನೇ ಎದುರಿಗೆ ಓಡಿಹೋಗಿ ಕರೆತರಲೇ ಅನ್ನಿಸಿತು.

"ಅಕ್ಕಾ, ಅಡ್ಡಾಡಬ್ಯಾಡ" ಅಂದಳು. ತುಟಿ ಒಣಗಿತ್ತು. "ನೀ ಅಡ್ಡಾಡಿದ್ರ ನನ್ನ ಎದಿ ಓಡ್ತೈತಿ. ಇಲ್ಲಿ ಕುಂದ್ರು."

ಕೂತೆ. ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ. ಕಾಲು ತಾವಾಗಿಯೇ ಏಳುತ್ತಿದ್ದವು. ಮಂಡಿ ಒತ್ತಿ ಹಿಡಿದೆ. ಅವಳ ಇನ್ನೊಂದು ಕೈಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು, ಬಾಯಿಗೆ ಬಂದ ಮಾತಾಡಿದೆ. ಬಸ್ಸಿನಲ್ಲಿ ಕೋಳಿಗೆ ಟಿಕೆಟ್ ಕೇಳಿದ್ದಕ್ಕೆ ಜಗಳ ತೆಗೆದ ಅಜ್ಜಿಯ ಕತೆ, ಅಕ್ಕಿಆಲೂರು ಸಂತೆಯ ದಿನದ ನೂಕುನುಗ್ಗಲು. ಅವಳ ಉಸಿರು ಮೆಲ್ಲಗೆ ಹದಕ್ಕೆ ಬಂತು. ಕೈ ಮಾತ್ರ ಮೊಣಕೈವರೆಗೆ ಬಾತು ಕೂತಿತ್ತು. ಅವಳು ಸತ್ತರೆ ಅವಳ ಮನೆಯವರಿಗೆ ಏನು ಹೇಳಲಿ ಎಂಬುದೊಂದೇ ನನ್ನೊಳಗೆ ಓಡುತ್ತಿತ್ತು. ಅದನ್ನು ಕೂರಿಸಲು ನನ್ನಿಂದಾಗಲಿಲ್ಲ.

ಗಾಡಿ ಬಂತು. ಶಿಗ್ಗಾವಿಯ ದವಾಖಾನೆಯಲ್ಲಿ ಮದ್ದು ಶುರು ಮಾಡಿ, ಹುಬ್ಬಳ್ಳಿಗೆ ಕಳಿಸಿದರು. ಬೇಗ ಬಂದದ್ದೂ, ಯಾವ ಹಾವು ಅಂತ ಮೊದಲೇ ತಿಳಿಸಿದ್ದೂ ಒಳ್ಳೆಯದಾಯಿತು ಎಂದರು ಡಾಕ್ಟರು. ಬದುಕಿದಳು. ಸರ್ ಈಗ ಶಿಬಿರದ ಮೊದಲ ದಿನವೇ 'ಹುಳ' ಅಂದರೆ ಏನೆಂದು ಎಲ್ಲರಿಗೂ ಹೇಳುತ್ತಾರಂತೆ.

ಅದಾದ ಮೇಲೆ ಅವಳ ಫೋನ್ ಬಂದಾಗಲೆಲ್ಲ ಊಟದ ಮಾತು, ಮಕ್ಕಳ ಮಾತು ಆಡಿ ಇಟ್ಟುಬಿಡುತ್ತಿದ್ದೆ. ಆ ದಿನದ ಸುದ್ದಿ ತೆಗೆಯಲು ಧೈರ್ಯವಿರಲಿಲ್ಲ.

ಮೊನ್ನೆ ಸವಣೂರಿನಲ್ಲಿ ಬಸ್ಸು ಹತ್ತಿದಳು. ಹೆಣ್ಣುಮಕ್ಕಳ ಉಚಿತ ಟಿಕೆಟ್ ಹರಿದು ಕೊಟ್ಟೆ. ಹೆಬ್ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ. ಎರಡು ಬೆರಳ ಸಂದಿಯಲ್ಲಿ ಹಿಡಿದುಕೊಂಡಳು. ಅದನ್ನು ನೋಡಿ ತಡೆಯಲಾಗದೆ ಕೇಳಿಯೇಬಿಟ್ಟೆ.

"ಹೆಸರು ತಗದೆ ಅಂತ ಸಿಟ್ಟೈತೇನು ಆಪಾ?"

"ನನಗ ವಿಷ ಏರಿದ್ದು ಆ ಹೆಸರು ಕೇಳಿದ ಮ್ಯಾಲ ನೋಡು" ಅಂದಳು. "ಇಳಿದದ್ದು ನೀ ಕುಂತ ಮ್ಯಾಲ."

ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಇನ್ನೂ ಅರ್ಧ ಬಸ್ಸಿಗೆ ಟಿಕೆಟ್ ಕೊಡುವುದಿತ್ತು. ಕೂತೆ.