ನೀರು ಹತ್ತದ ದಿಬ್ಬ

ಚಳಿಗಾಲ ಬಂತೆಂದರೆ ದೊಡ್ಡತ್ತಿಯ ಹಿಮ್ಮಡಿಗಳು ಎರೆಹೊಲದ ಹಾಗೆ ಬಿರಿಯುತ್ತಿದ್ದವು. ಒಂದೊಂದು ಬಿರುಕಿನಲ್ಲೂ ಕರಿಮಣ್ಣು, ಅದರ ಮೇಲೆ ಇಬ್ಬನಿಯ ತೇವ. ನಸುಕಿನಲ್ಲಿ ಹೊಲಕ್ಕೆ ಹೋಗಿ ಬಂದು, ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಬೆಚ್ಚಗಿನ ಕುಸುಬಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ನಾನು ರೊಟ್ಟಿ ಬಡಿಯುತ್ತ ಆ ಕಾಲುಗಳನ್ನೇ ನೋಡುತ್ತಿದ್ದೆ. ಕಾಲುವೆ ಬಂದ ಮೇಲೆ ನಮ್ಮೂರ ಹೊಲಗಳು ಬಿರಿಯುವುದನ್ನು ಬಿಟ್ಟವು. ಅವರ ಹಿಮ್ಮಡಿಗಳು ಮಾತ್ರ ಬಿಡಲಿಲ್ಲ.

ಅವರು ನನ್ನ ಮಾವನವರ ಅಣ್ಣನ ಹೆಂಡತಿ. ಗಂಡ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಮ್ಮ ಮನೆಯಲ್ಲೇ ಇದ್ದರು. ಶಹಾಪುರದಿಂದ ವಡಗೇರಾ ಕಡೆಗೆ ಹೋಗುವ ಬಸ್ಸಿನಿಂದ ಇಳಿದು ಕಾಲುವೆಯ ಏರಿ ಹಿಡಿದು ನಡೆದರೆ ನಮ್ಮ ಊರು. ಅವರ ಪಾಲಿಗೆ ಬಂದಿದ್ದ ಹೊಲ ಊರಾಚೆ ಒಂದು ದಿಬ್ಬ. ಸುತ್ತಲಿನ ಹೊಲವೆಲ್ಲ ಭತ್ತದ ಗದ್ದೆಯಾದರೂ ನೀರು ಆ ದಿಬ್ಬ ಹತ್ತುತ್ತಿರಲಿಲ್ಲ. ಅಲ್ಲಿ ಪ್ರತಿ ವರ್ಷ ಬಿಳಿಜೋಳ, ಅಂಚಿಗೆ ನಾಲ್ಕು ಸಾಲು ಕುಸುಬಿ, ನಡುವೆ ಕಡಲೆ.

ಚಳಿಗಾಲವಿಡೀ ಅವರು ಕತ್ತಲು ಹರಿಯುವ ಮೊದಲೇ ಆ ದಿಬ್ಬಕ್ಕೆ ಹೋಗುತ್ತಿದ್ದರು. ಕೆಲಸವೇನೂ ಇರುತ್ತಿರಲಿಲ್ಲ. ಕೈಯಲ್ಲಿ ಕುಡುಗೋಲೂ ಇಲ್ಲ, ಬುಟ್ಟಿಯೂ ಇಲ್ಲ. ನಮ್ಮ ಅತ್ತೆಗೆ ಇದು ತಮಾಷೆ. "ಏನಕ್ಕಾ, ಸೂರ್ಯಗ ಹಾಜರಿ ಹಾಕಿ ಬಂದ್ಯಾ?" ಎಂದು ದಿನವೂ ಕೆಣಕುವರು. ದೊಡ್ಡತ್ತಿ ನಗುತ್ತ ಸೆರಗು ಬಿಚ್ಚಿ ಒಂದು ಹಿಡಿ ಕಡಲೆ ಸೊಪ್ಪು ನನ್ನ ಮುಂದೆ ಸುರಿಯುವರು. ಒಮ್ಮೊಮ್ಮೆ ಅದರಲ್ಲಿ ಒಂದು ಬೂದುಬಣ್ಣದ ಗರಿಯೂ ಇರುತ್ತಿತ್ತು.

ನನ್ನ ತವರು ಮಳೆಯನ್ನೇ ನಂಬಿದ ಊರು. ಬೇಸಿಗೆಯಲ್ಲಿ ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡ ಹೊತ್ತು ನಡೆದವಳು ನಾನು. ಮದುವೆಯಾಗಿ ಬಂದು ಕಾಲುವೆಯಲ್ಲಿ ಕೃಷ್ಣೆಯ ನೀರು ತುಂಬಿ ಹರಿಯುವುದನ್ನು ಕಂಡ ದಿನ ಏರಿಯ ಮೇಲೆಯೇ ಕೈಮುಗಿದಿದ್ದೆ. ಅದಕ್ಕೇ ಆ ದಿಬ್ಬ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ದೇವರು ಬಾಗಿಲಿಗೆ ನೀರು ಕಳಿಸಿರುವಾಗ ಒಂದು ತುಂಡು ಭೂಮಿಯನ್ನು ಒಣಗಿಸುವುದು ಪಾಪವೆಂದು ನನ್ನ ಯಜಮಾನರಿಗೆ ಹೇಳಿದವಳು ನಾನೇ. ಒಂದು ಸಲ ಅಲ್ಲ, ಎರಡು ಬೆಳೆಯ ಕಾಲ ಹೇಳಿದೆ. ಕೊನೆಗೆ ಅವರು ದಿಬ್ಬ ಕಡಿದು ಸಮ ಮಾಡಲು ಡೋಜರ್ ಗೊತ್ತುಮಾಡಿದರು.

ಸುದ್ದಿ ಕೇಳಿದಾಗ ದೊಡ್ಡತ್ತಿ ಜಗಳ ಮಾಡಲಿಲ್ಲ. ಹೊಲ ನೋಡಿಕೊಳ್ಳುವವರು ನೀವು, ನಿಮಗೆ ತಿಳಿದ ಹಾಗೆ ಮಾಡಿ ಅಂದರು. ಎಳ್ಳಮಾಸಿಯ ಹಬ್ಬ ಒಂದು ಕಳೆಯಲಿ ಎಂದಷ್ಟೇ ಕೇಳಿದರು. ಯಜಮಾನರು ಅಮಾಸಿಯ ಮರುದಿನಕ್ಕೆ ಡೋಜರ್ ಬರಹೇಳಿದರು. ಜೋಳ ಆಗ ತೆನೆ ಕಟ್ಟುತ್ತಿತ್ತು. ಅದನ್ನು ದನಕ್ಕೆ ಕೊಯ್ದುಹಾಕಿದರಾಯಿತು ಎಂದುಕೊಂಡೆವು.

ಅಮಾಸಿಯ ದಿನ ನಸುಕಿನಲ್ಲೇ ಅವರು ನನ್ನನ್ನು ಎಬ್ಬಿಸಿದರು. ನನಗೆ ಆಗ ಏಳು ತಿಂಗಳು. ತಮ್ಮ ಕಂಬಳಿಯನ್ನು ನನಗೆ ಹೊದಿಸಿ, ಕೈಹಿಡಿದು ಏರಿಯ ಮೇಲೆ ನಡೆಸಿಕೊಂಡು ಹೋದರು. ಡೋಜರ್ ವಿಚಾರ ಎತ್ತಿ ಬೈಯುತ್ತಾರೆಂದು ಹೆದರಿದ್ದೆ. ದಿಬ್ಬದ ಮೇಲೆ ಕಲ್ಲೊಂದನ್ನು ಸೆರಗಿನಿಂದ ಒರೆಸಿ ನನ್ನನ್ನು ಕೂರಿಸಿದರು. ಅಭ್ಯಾಸಬಲದಿಂದ ನನ್ನ ಕೈ ಕಡಲೆ ಸೊಪ್ಪಿನತ್ತ ಹೋಯಿತು. ಅವರು ತಡೆದರು.

"ಮೊದಲ ಕಣ್ಣಿಗಿ ಉಣಸವ್ವಾ. ಕೈಗಿ ಕೆಲಸ ಇದ್ದೇ ಇರ್ತದ."

ನಾಲ್ಕು ವರ್ಷ ಆ ಊರಲ್ಲಿ ಬಾಳಿದವಳು ಅವತ್ತೇ ಅದನ್ನು ನೋಡಿದ್ದು. ಕಾಲುವೆಯ ನೀರಿನಿಂದ ಹೊಗೆಯಂತೆ ಮಂಜು ಏಳುತ್ತಿತ್ತು. ಗದ್ದೆಗಳ ಮೇಲೆ ಅದು ಹಾಲು ಚೆಲ್ಲಿದ ಹಾಗೆ ಹರಡಿ, ನಮ್ಮ ದಿಬ್ಬ ಒಂದೇ ಮೇಲೆ ತೇಲುತ್ತಿತ್ತು. ದೂರದಲ್ಲಿ ಶಹಾಪುರದ ಗುಡ್ಡ, ಮನುಷ್ಯ ಅಂಗಾತ ಮಲಗಿದ ಹಾಗೆ. ಬುದ್ಧ ಮಲಗ್ಯಾನ ಅಂತ ಎಲ್ಲರೂ ಹೇಳುವ ಗುಡ್ಡವೇ. ಬಸ್ಸಿನ ಕಿಟಕಿಯಿಂದ ನಾನೂ ಎಷ್ಟೋ ಸಲ ಕಂಡಿದ್ದೆ. ಆದರೆ ಬೆಳಕು ಮೊದಲು ಅವನ ಹಣೆಯನ್ನು ಮುಟ್ಟಿ, ಆಮೇಲೆ ಮೂಗು, ಎದೆ ಎಂದು ನಿಧಾನವಾಗಿ ಪಾದದವರೆಗೆ ಇಳಿಯುವುದನ್ನು ಕಂಡಿರಲಿಲ್ಲ. ಜೋಳದ ಎಲೆಯಿಂದ ಎಲೆಗೆ ಜೇಡ ನೇಯ್ದ ಬಲೆಗಳಲ್ಲಿ ಇಬ್ಬನಿ ಪೋಣಿಸಿದಂತಿತ್ತು. ತಲೆಯ ಮೇಲೆ ದೊಡ್ಡ ಬಾತುಗಳ ಸಾಲು ಕೂಗುತ್ತ ಸುರಪುರದ ಕಡೆಯ ಕೆರೆಯತ್ತ ಹಾರಿತು. ಯಾವುದೋ ಚಳಿ ದೇಶದಿಂದ ಬರುವ ಆ ಹಕ್ಕಿಗಳನ್ನು ದೊಡ್ಡತ್ತಿ 'ಚಳಿಗಾಲದ ಬೀಗರು' ಎನ್ನುತ್ತಿದ್ದರು. ಬರುತ್ತಾರೆ, ಉಣ್ಣುತ್ತಾರೆ, ಹೇಳದೆ ಹೋಗುತ್ತಾರೆ ಅಂತ. ಚಳಿಗೆ ಹಲ್ಲು ಕಟಕಟಿಸುತ್ತಿದ್ದರೂ ನನಗೆ ಎದ್ದು ಬರಲು ಮನಸ್ಸಾಗಲಿಲ್ಲ. ಹೊಟ್ಟೆಯೊಳಗೆ ಕೂಸು ಹೊರಳಿತು.

ಎಳ್ಳಮಾಸಿಯೆಂದರೆ ನಮ್ಮಲ್ಲಿ ಭೂಮಿತಾಯಿಗೆ ಬಯಕೆಯೂಟ. ತೆನೆ ಹೊತ್ತ ಭೂಮಿ ಬಸುರಿ ಎಂದು ತಿಳಿದು, ಹೊಲದ ನಾಲ್ಕೂ ಮೂಲೆಗೆ ಅಡುಗೆ ಚೆಲ್ಲಿ, ಆಮೇಲೆ ನಾವು ಅಲ್ಲೇ ಕೂತು ಉಣ್ಣುತ್ತೇವೆ. ಚರಗ ಚೆಲ್ಲುವುದು ಅಂತೀವಿ. ಮನೆಗೆ ಹೊರಡುವಾಗ ದೊಡ್ಡತ್ತಿ ಜೋಳದ ಕಡೆ ನೋಡುತ್ತ, "ಇವತ್ತ ಬಸರಿಗಿ ಉಣಸ್ತೀವಿ. ನಾಳೆ…" ಅಂದರು. ಮುಂದಿನದನ್ನು ಹೇಳಿದ್ದರೆ ನಾನು ಏನಾದರೂ ವಾದ ಹೂಡುತ್ತಿದ್ದೆ.

ಮಧ್ಯಾಹ್ನ ಊರಿಗೆ ಊರೇ ಬುಟ್ಟಿ ಹೊತ್ತು ಹೊರಟಿತು. ಆ ವರ್ಷ ಎರಡನೆಯ ಬೆಳೆಗೆಂದು ಎಲ್ಲರೂ ಬೇಗ ಗದ್ದೆಗೆ ನೀರು ಬಿಟ್ಟುಕೊಂಡಿದ್ದರು. ನೀರು ಬಿಡುವ ಸಂಭ್ರಮದಲ್ಲಿ ಚರಗದ ದಿನ ಎಲ್ಲಿ ಕೂಡಬೇಕೆಂಬುದು ಒಬ್ಬರಿಗೂ ಹೊಳೆದಿರಲಿಲ್ಲ. ಮೊಣಕಾಲುದ್ದ ಕೆಸರು. ಸಜ್ಜೆ ರೊಟ್ಟಿ, ಎಳ್ಳು ಹೋಳಿಗೆ, ಭಜ್ಜಿ, ಅಂಬಲಿಯ ಗಡಿಗೆ ಹೊತ್ತುಕೊಂಡು ಹೆಂಗಸರು ಬದುವಿನ ಮೇಲೆ ಸಾಲಾಗಿ ನಿಂತೇ ಇದ್ದರು. ನಾವೂ ನಮ್ಮ ಗದ್ದೆಯ ಬದುವಿನ ಮೇಲೆ ಹಾಗೆಯೇ ನಿಂತಿದ್ದೆವು.

ದಿಬ್ಬದ ಮೇಲಿಂದ ದೊಡ್ಡತ್ತಿ ಕೈಬೀಸಿದರು. "ಕೊಕ್ಕರಿ ಹಂಗ ಯಾಕ ನಿಂತೀರಿ? ಮ್ಯಾಲ ಬರ್ರಿ, ಜಾಗಾ ಅದ."

ಮೊದಲು ನಮ್ಮ ಅತ್ತೆಯೇ ಹತ್ತಿದರು. ಆಮೇಲೆ ಒಂದೊಂದೇ ಮನೆಯವರು. ಹೊಲವೇ ಇಲ್ಲದ ಕೂಲಿಯವರನ್ನೂ, ಪಕ್ಕದ ಗದ್ದೆಯ ಮುಸಲ್ಮಾನರ ಮನೆಯವರನ್ನೂ ದೊಡ್ಡತ್ತಿ ಕೂಗಿ ಕರೆದರು. ಎಲ್ಲರ ಬುಟ್ಟಿಯದೂ ಎಲ್ಲರ ತಾಟಿಗೆ ಬಂತು. ಬಿಸಿಲು ಹಿತವಾಗಿತ್ತು. ಮುದುಕರು ಗುಡ್ಡದ ಕಡೆ ಮುಖ ಮಾಡಿ ಕೂತು, ಮೊದಲೆಲ್ಲ ಜೋಳ ಹೇಗೆ ಕಣ್ಣು ಹರಿಯುವಷ್ಟು ದೂರ ಇರುತ್ತಿತ್ತೆಂದು ಹೇಳುತ್ತಿದ್ದರು. ದೊಡ್ಡತ್ತಿ ಕೂರಲೇ ಇಲ್ಲ. ಬಿರಿದ ಕಾಲುಗಳಲ್ಲಿ ಓಡಾಡಿ ಬಡಿಸುತ್ತಲೇ ಇದ್ದರು.

ಯಜಮಾನರಿಗೆ ಅಂಬಲಿ ಕೊಡುವಾಗ ಮೆಲ್ಲಗೆ ಹೇಳಿದೆ. "ಮಶಿನ್ ಬ್ಯಾಡ್ರಿ."

"ಬೇಕು ಅಂತ ಜೀವಾ ತಿಂದಾಕಿ ನೀನಽ."

"ಹೌದ್ರಿ. ಬ್ಯಾಡ ಅನ್ನಾಕಿನೂ ನಾನಽ. ತಪ್ಪು ನಂದು."

ಅವರು ದಿಬ್ಬದ ತುಂಬ ಕೂತಿದ್ದ ಜನರನ್ನೊಮ್ಮೆ ನೋಡಿದರು. ಅಂಬಲಿ ಕುಡಿದು ತಂಬಿಗೆ ಕೆಳಗಿಟ್ಟರು. ಮರುದಿನ ಬೆಳಿಗ್ಗೆ ಡೋಜರ್ ಬಂತು, ಬೇಡವೆಂದು ಹೇಳಿಕಳಿಸಲು ಯಜಮಾನರಿಗೆ ಪುರಸೊತ್ತಾಗಿರಲಿಲ್ಲ. ದೊಡ್ಡತ್ತಿಯೇ ಡ್ರೈವರನನ್ನು ಇಳಿಸಿ, ಉಳಿದ ಹೋಳಿಗೆ, ಭಜ್ಜಿ ಉಣ್ಣಿಸಿ, ಗುಡ್ಡ ತೋರಿಸಿ ಹಿಂದಕ್ಕೆ ಕಳಿಸಿದರು. ಡೋಜರ್ ಕರೆಸಲು ಹಟ ಹಿಡಿದದ್ದು ಯಾರೆಂದು ಅವರು ಒಮ್ಮೆಯೂ ಕೇಳಲಿಲ್ಲ. ಅವರಿಗೆ ಗೊತ್ತಿತ್ತೆಂದು ಈಗ ಅನ್ನಿಸುತ್ತದೆ.

ಆಮೇಲೆ ಎಂಟು ಚಳಿಗಾಲ ಬದುಕಿದರು. ಪ್ರತಿ ಎಳ್ಳಮಾಸಿಗೆ ಊರು ಆ ದಿಬ್ಬ ಹತ್ತಿತು. ಒಂದು ಪುಷ್ಯಮಾಸದ ಬೆಳಿಗ್ಗೆ ಹೊಲದಿಂದ ಬಂದು, ಕಾಲಿಗೆ ಎಣ್ಣೆ ಹಚ್ಚಿಸಿಕೊಂಡು, ಗೋಡೆಗೆ ಒರಗಿ ಕೂತವರು ಹಾಗೆಯೇ ಹೋದರು. ನರಳಲಿಲ್ಲ, ಯಾರ ಕೈಗೂ ಬೀಳಲಿಲ್ಲ. ದೇವರ ದಯೆಯನ್ನು ಎಣಿಸುವಾಗ ನಾನು ಇದನ್ನೂ ಎಣಿಸುತ್ತೇನೆ. ಆ ದಿಬ್ಬದ ಮೂಲೆಯಲ್ಲೇ, ಗುಡ್ಡ ಕಾಣುವ ಕಡೆ ಮಣ್ಣು ಮಾಡಿದೆವು. ಆ ನೆಲವನ್ನು ಆಳವಾಗಿ ಅಗೆದದ್ದು ಅದೊಂದೇ ಸಲ.

ಅವತ್ತು ಹೊಟ್ಟೆಯಲ್ಲಿದ್ದ ಮಗಳು ಈಗ ಶಹಾಪುರದಲ್ಲಿ ಟೀಚರ್. ರಜೆಗೆ ಬಂದಾಗ, ನಸುಕಿನಲ್ಲಿ ದಿಬ್ಬಕ್ಕೆ ಬರಿಗೈಲಿ ಹೋಗಿ ಬರುವ ನನ್ನನ್ನು ನಮ್ಮ ಅತ್ತೆಯ ಧಾಟಿಯಲ್ಲೇ ಕೆಣಕುತ್ತಾಳೆ. "ಏನವ್ವಾ, ಸೂರ್ಯಗ ಹಾಜರಿ ಹಾಕಿ ಬಂದ್ಯಾ?"

"ಹಾಕಿ ಬಂದೆ. ದೊಡ್ಡತ್ತಿದೂ ಕೂಡಿ" ಎನ್ನುತ್ತೇನೆ.